ಕೆಂಪು ಮೋರೆ ಮತ್ತು ಆರಿದ ಚಹಾ

ನನಗೊಂದು ಚಟವಿದೆ. ಕಂಡವರ ಮೋಟರ್‌ಸೈಕಲ್ಲಿನ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವುದು. ಗೋಕಾಕದ ಬಸ್‌ಸ್ಟ್ಯಾಂಡಿನ ಹೊರಗೆ ಗಾಡಿಗಳು ಸಾಲಾಗಿ ನಿಂತಿರುತ್ತವಲ್ಲ, ಆ ಸಾಲನ್ನು ನಾನು ಸುಮ್ಮನೆ ದಾಟಿದ ದಿನವಿಲ್ಲ. ಒಂದು ಕನ್ನಡಿಯಲ್ಲಿ ಎಡಗಲ್ಲ, ಮುಂದಿನದರಲ್ಲಿ ಬಲಗಲ್ಲ, ಅದರಾಚೆಯದರಲ್ಲಿ ಮೂಗು, ಹೀಗೆ ಕಂತಿನ ಮೇಲೆ ಮುಖ ನೋಡಿಕೊಳ್ಳುತ್ತ ಮೂಡಲಗಿ ಬಸ್ಸಿನ ತನಕ ಹೋಗುತ್ತೇನೆ. ಒಮ್ಮೆ ಒಬ್ಬ ಗಾಡಿಯ ಧಣಿ ಹಿಂದಿನಿಂದ ಬಂದು, ಏನು ಹುಡುಕುತ್ತಿದ್ದೀರಿ ಅಂತ ಕೇಳಿದ. ಏನಿಲ್ಲ, ಮೂಗು ಅಂದೆ. ಅವನು ಮೊದಲು ಪೆಟ್ರೋಲ್ ಟ್ಯಾಂಕ್ ಮುಟ್ಟಿ ನೋಡಿದ, ಆಮೇಲೆ ನನ್ನ ಮೂಗು ನೋಡಿದ, ಆಮೇಲೆ ಪಾಪ ಅನ್ನುವಂತೆ ಗಾಡಿ ಹತ್ತಿ ಹೋದ.

ಮನೆಯ ಕನ್ನಡಿಯನ್ನು ನಾನು ನಂಬುವುದಿಲ್ಲ. ಅದು ಬೆಳಗಿನ ಮುಖ ತೋರಿಸಿ ಕಳಿಸಿಬಿಡುತ್ತದೆ. ನನ್ನ ಮುಖವೋ ತಾಸಿಗೊಂದು ಥರ. ಸ್ನಾನ ಮುಗಿಸಿ ಪೂಜೆಗೆ ಕೂತಾಗ ಹದವಾದ ಕೆಂಪು, ಬಸ್ಸಿನಲ್ಲಿ ಕಿಟಕಿಯ ಬಾಜೂ ಕೂತರೆ ಮಾಗಿದ ಕೆಂಪು, ಮಧ್ಯಾಹ್ನ ಊಟ ಮಾಡಿ ಕ್ಲಾಸಿಗೆ ಹೋದಾಗ ಹುಡುಗರು ತಾವಾಗಿಯೇ ಸುಮ್ಮನಾಗುವಷ್ಟು ಕೆಂಪು. ಮೂಗಿನ ಎರಡೂ ಬದಿಗೆ ನೂಲಿನೆಳೆಯಂಥ ರಕ್ತನಾಳಗಳು. ಆಗೀಗ ಮೊಡವೆ. ಕೆಂಪೇರಿದಾಗ ಉರಿ ಬೇರೆ. ಬೆಳಗಾವಿಯ ಚರ್ಮದ ಡಾಕ್ಟರಮ್ಮ ಇದಕ್ಕೆ ರೊಸೇಶಿಯಾ ಅಂತ ಹೆಸರು ಹೇಳಿದರು. ಅಂಟುವ ರೋಗವಲ್ಲ, ಜೀವಕ್ಕೆ ಅಪಾಯವಿಲ್ಲ, ಪೂರ್ತಿ ಹೋಗುವುದೂ ಇಲ್ಲ ಅಂದರು. ಹೆಸರು ಕೇಳಿದರೆ ಯಾವುದೋ ದೇಶದ ರಾಣಿ ನೆನಪಾಗುತ್ತಾಳೆ. ಮುಖ ನೋಡಿದರೆ ಮಾತ್ರ ಜನಕ್ಕೆ ಬೇರೆಯೇ ನೆನಪಾಗುತ್ತದೆ.

ಆ ಬೇರೆಯದನ್ನೇ ನಾನು ಹೇಳಬೇಕು. ನಾನು ಮೂಡಲಗಿಯ ಕಾಲೇಜಿನಲ್ಲಿ ಕನ್ನಡ ಕಲಿಸುವವನು. ಹಣೆಗೆ ವಿಭೂತಿ ಇಲ್ಲದೆ ಹೊಸ್ತಿಲು ದಾಟಿದವನಲ್ಲ. ಕುಡಿಯುವುದಿರಲಿ, ಕುಡಿಯುವವರ ಪಂಕ್ತಿಯಲ್ಲಿ ಸೋಡಾ ಸಹ ಮುಟ್ಟಿದವನಲ್ಲ. ಆದರೂ ಸ್ಟಾಫ್‌ರೂಮಿನಲ್ಲಿ ಯಾರಾದರೊಬ್ಬರು ಕಣ್ಣು ಮಿಟುಕಿಸಿ, ನಿನ್ನೆ ಕಾರ್ಯಕ್ರಮ ಜೋರಿತ್ತೇನು ಸರ್ ಅಂತ ಕೇಳುತ್ತಾರೆ. ಇಲ್ಲ ಅಂದರೆ ಮುಚ್ಚಿಡುತ್ತಾನೆ ಅಂತ ಅರ್ಥ. ಸಿಟ್ಟಿನಿಂದ ಇಲ್ಲ ಅಂದರೆ ಮುಖ ಇನ್ನಷ್ಟು ಕೆಂಪಾಗಿ, ಹೂಂ ಅಂದ ಹಾಗೇ ಆಗುತ್ತದೆ. ನನ್ನ ಪರವಾಗಿ ಸಾಕ್ಷಿ ಹೇಳಬೇಕಾದ ಮುಖವೇ ಎದುರಿನ ಪಕ್ಷ ಸೇರಿಕೊಂಡರೆ ಮನುಷ್ಯ ಏನು ಮಾಡಬೇಕು, ನೀವೇ ಹೇಳಿ.

ನಮ್ಮ ಹಳೆಯ ಶಾಸ್ತ್ರಕಾರರು ಸಹ ಈ ವಿಷಯದಲ್ಲಿ ನನಗೆ ನೆರವಾಗಲಿಲ್ಲ. ರೌದ್ರರಸಕ್ಕೆ ಕೆಂಪು ಬಣ್ಣ ಅಂತ ಕಟ್ಟಿ ಹಾಕಿಬಿಟ್ಟರು. ಬಯಲಾಟದ ರಾಕ್ಷಸನಿಗೂ ಅದೇ ಬಣ್ಣ ಬಳಿದರು. ಮುಖದ ಬಣ್ಣ ಬದಲಾಗುವುದಕ್ಕೆ ವೈವರ್ಣ್ಯ ಅಂತ ಹೆಸರಿಟ್ಟು ಸಾತ್ವಿಕ ಭಾವಗಳ ಸಾಲಿನಲ್ಲಿ ಕೂಡಿಸಿದ್ದಾರೆ, ಅಷ್ಟು ಉಪಕಾರ. ಕಾವ್ಯದಲ್ಲಿ ನಾಯಕಿಯ ಕೆನ್ನೆ ಕೆಂಪಾದರೆ ಕವಿಗಳು ಪುಟಗಟ್ಟಲೆ ಬರೆಯುತ್ತಾರೆ. ಮೀಸೆ ಬೆಳ್ಳಗಾದ ಮಾಸ್ತರನ ಕೆನ್ನೆ ಕೆಂಪಾದರೆ ಒಂದು ಸಾಲಿಲ್ಲ. ಪಾಠ ಹೇಳುವಾಗ ಅಂಥ ಪದ್ಯ ಬಂತೆಂದರೆ ನಾನು ಬೇಗ ಬೇಗ ದಾಟಿಸುತ್ತೇನೆ, ಇಲ್ಲದಿದ್ದರೆ ಹುಡುಗರು ಪುಸ್ತಕ ಬಿಟ್ಟು ನನ್ನನ್ನು ನೋಡಲು ಶುರುಮಾಡುತ್ತಾರೆ.

ಡಾಕ್ಟರಮ್ಮ ಹೇಳಿದ ಪಥ್ಯ ಇನ್ನೂ ಚೆಂದ. ಬಿಸಿ ಚಹಾ ಬೇಡ, ಖಾರ ಬೇಡ, ಬಿಸಿಲು ಬೇಡ, ಮನಸ್ಸಿಗೆ ತ್ರಾಸು ಬೇಡ. ಇಷ್ಟನ್ನೂ ಬಿಟ್ಟವನು ಬೆಳಗಾವಿ ಜಿಲ್ಲೆಯಲ್ಲಿ ಯಾಕಾದರೂ ಇರಬೇಕು? ತಾಟಿನಲ್ಲಿ ರೊಟ್ಟಿಯ ಬಾಜೂ ಕೆಂಪು ಚಟ್ನಿ ಇಲ್ಲದಿದ್ದರೆ ನಮ್ಮ ಮಂದಿ ಯಾರಾದರೂ ತೀರಿಕೊಂಡಿದ್ದಾರೇನೋ ಅಂತ ಮೆಲ್ಲಗೆ ಕೇಳುತ್ತಾರೆ. ಹುಕ್ಕೇರಿಯಲ್ಲಿರುವ ನನ್ನ ಅತ್ತೆಯವರು ಪಥ್ಯ ಕೇಳಿ ನಕ್ಕು, ಹಾಲಿನ ಕೆನೆಗೆ ಅರಿಶಿಣ ಕಲಸಿ ಅಳಿಯನ ಮುಖಕ್ಕೆ ಹಚ್ಚಿದರು. ಕೆಂಪು ಹೋಗಲಿಲ್ಲ. ಅರಿಶಿಣವೂ ಎರಡು ದಿನ ಹೋಗಲಿಲ್ಲ. ಅರಿಶಿಣ ಕುಂಕುಮದ ಬಟ್ಟಲಿನಂತೆ ಕಾಲೇಜಿಗೆ ಹೋಗಿ ಬಂದೆ.

ಮುಲಾಮು ಮಾತ್ರೆಗಳಿಂದ ಮೊಡವೆ ಇಳಿದವು. ಕೆಂಪು ಮತ್ತು ಆ ನೂಲಿನೆಳೆಗಳು ಕದಲಲಿಲ್ಲ. ಆಗ ಡಾಕ್ಟರಮ್ಮ ಬೆಳಕಿನ ಚಿಕಿತ್ಸೆಯ ಮಾತೆತ್ತಿದರು. ಚರ್ಮದ ಮೇಲೆ ಫಕ್ಕನೆ ಬೆಳಕು ಬಿಡುತ್ತಾರಂತೆ. ಆ ಬೆಳಕು ರಕ್ತನಾಳದ ಕೆಂಪನ್ನೇ ಹುಡುಕಿಕೊಂಡು ಹೋಗಿ, ಅಲ್ಲಿ ಕಾವಾಗಿ, ನಾಳವನ್ನು ಮುಚ್ಚಿಸುತ್ತದಂತೆ. ನನಗೆ ಅಲ್ಲೇ ಕುರ್ಚಿಯಿಂದ ಏಳುವಷ್ಟು ಖುಷಿಯಾಯಿತು. ಆದರೆ ಆಕೆ ಪ್ರಾಮಾಣಿಕ ಹೆಣ್ಣುಮಗಳು, ಖುಷಿಪಡಲು ಬಿಡಲಿಲ್ಲ. ಒಂದೇ ಸಲಕ್ಕೆ ಆಗುವುದಲ್ಲ, ಮತ್ತೆ ಮತ್ತೆ ಬರಬೇಕು. ಎಳೆಗಳು ಮಾಯವಾಗಬಹುದು, ಕೆಂಪು ಕಡಿಮೆಯಾಗಬಹುದು, ಆದರೆ ಇಲ್ಲವಾಗುತ್ತದೆ ಅಂತ ಹೇಳಲಾರೆ. ಕೆಲವು ವರ್ಷಕ್ಕೆ ತಿರುಗಿ ಬರಲೂಬಹುದು. ಅದಕ್ಕಿಂತ ಹೆಚ್ಚಾಗಿ, ನಮ್ಮಂಥವರ ಕಂದು ಚರ್ಮದ ಬಣ್ಣವನ್ನೂ ಆ ಬೆಳಕು ಹೀರಿಕೊಳ್ಳುತ್ತದೆ, ಸುಟ್ಟ ಹಾಗಾಗಿ ಕಪ್ಪು ಕಲೆ ಉಳಿಯಬಹುದು. ನಮ್ಮ ಚರ್ಮಕ್ಕೆ ಹೊಂದುವ ಯಂತ್ರಗಳು ಬೇರೆ ಇವೆ, ಮೊದಲು ಕಿವಿಯ ಹತ್ತಿರ ಒಂದಿಷ್ಟು ಜಾಗದಲ್ಲಿ ಪರೀಕ್ಷೆ ಮಾಡಿ ನೋಡೋಣ ಅಂದರು.

ಕಬ್ಬಿನ ಹೊಲಕ್ಕೆ ಕಳೆಯ ಔಷಧ ಹೊಡೆಯುವವನ ಚಿಂತೆಯೇ ನನ್ನದಾಯಿತು. ಕಳೆ ಸಾಯಬೇಕು, ಕಬ್ಬು ಉಳಿಯಬೇಕು. ಇವತ್ತು ಮಾಡಿಸಿಬಿಡೋಣ ಅನ್ನಿಸುವುದು, ನಾಳೆ ಕಪ್ಪು ಕಲೆಯ ಕನಸು ಬೀಳುವುದು. ಕುಡುಕ ಅನ್ನಿಸಿಕೊಳ್ಳುವುದು ಲೇಸೋ, ಹೆಂಡತಿ ಇಸ್ತ್ರಿ ಪೆಟ್ಟಿಗೆಯಿಂದ ಬಾರಿಸಿದ್ದಾಳೆ ಅನ್ನಿಸಿಕೊಳ್ಳುವುದು ಲೇಸೋ? ಕೂತಲ್ಲಿ ಕೂರಲಾಗದೆ ಅಂಗಳದಲ್ಲಿ ತಿರುಗುತ್ತಿದ್ದರೆ ಹೆಂಡತಿ ಗಿರಿಜಾ, ಮುಖದ ಚಿಂತೆ ಬಿಟ್ಟು ಒಂದಿಷ್ಟು ಮಗಳ ಚಿಂತೆ ಮಾಡಿ ಅನ್ನುತ್ತಿದ್ದಳು.

ಮಗಳು ದಾನೇಶ್ವರಿ. ಮನೆಯಲ್ಲಿ ದಾನೂ. ಗೋಕಾಕದ ಒಂದು ಸಹಕಾರಿ ಸಂಘದಲ್ಲಿ ಕೆಲಸ. ಹುಕ್ಕೇರಿಯಲ್ಲಿ ನೆಂಟರ ಮನೆಯ ವಾಸ್ತುಶಾಂತಿಗೆ ಹೋದಾಗ ಸಂಕೇಶ್ವರದ ಪ್ರಶಾಂತನ ಪರಿಚಯವಾಗಿತ್ತು. ಇಬ್ಬರಿಗೂ ಮನಸ್ಸಿದೆ ಅನ್ನುವುದು ನಮಗೂ ಗೊತ್ತು, ಅವರ ಮನೆಗೂ ಗೊತ್ತು. ಆದರೂ ಎಲ್ಲವೂ ಪದ್ಧತಿಯ ಪ್ರಕಾರವೇ ನಡೆಯಬೇಕಲ್ಲ. ಹುಡುಗನ ತಂದೆ ಅಪ್ಪಾಸಾಹೇಬರು ಮೆಣಸಿನಕಾಯಿ ವ್ಯಾಪಾರಸ್ಥರು. ಕುಟುಂಬ ಸಮೇತ ಬಂದು ಹುಡುಗಿ ನೋಡಿ, ಅವಲಕ್ಕಿ ತಿಂದು, ಚಹಾ ಕುಡಿದು ಹೋದರು. ಮುಂಜಾನೆಯ ಹೊತ್ತು, ನನ್ನ ಮುಖವೂ ಮರ್ಯಾದೆಯಿಂದ ಇತ್ತು. ಅಂಥ ಸೆಖೆಯಲ್ಲೂ ಹುಡುಗ ಕುತ್ತಿಗೆಯ ತನಕ ಗುಂಡಿ ಹಾಕಿಕೊಂಡು ಕೂತಿದ್ದನ್ನು ನೋಡಿ ಗಿರಿಜಾ, ಎಷ್ಟು ಶಿಸ್ತು ನೋಡ್ರಿ ಅಂತ ಒಂದು ವಾರ ಹೊಗಳಿದಳು.

ಆಮೇಲೆ ನಾವು ಅವರ ಮನೆ ನೋಡಲು ಹೋಗುವ ಪಾಳಿ. ಇಲ್ಲಿ ನಮ್ಮ ಕಡೆಯ ಒಂದು ರಿವಾಜು ಹೇಳಬೇಕು. ಸಂಬಂಧ ಬೇಡ ಅಂತ ನಾವು ಬಾಯಿಬಿಟ್ಟು ಹೇಳುವುದಿಲ್ಲ. ಎದುರಿನವರ ಮನಸ್ಸಿಗೆ ನೋವಾಗಬಾರದು ನೋಡಿ. ಬೇಡ ಅನ್ನುವವರು ನೀರು ಕುಡಿಯುತ್ತಾರೆ, ಮಳೆ ಬೆಳೆ ಮಾತಾಡುತ್ತಾರೆ, ಚಹಾ ಮಾತ್ರ ಮುಟ್ಟದೆ ಏಳುತ್ತಾರೆ. ಅದರಲ್ಲೂ ಹುಡುಗಿಯ ತಂದೆಯ ಕಪ್ಪಿನ ಮೇಲೆ ಎಲ್ಲರ ಕಣ್ಣು. ಇದು ನನಗೆ ಗೊತ್ತಿಲ್ಲದ್ದಲ್ಲ. ಎಷ್ಟೋ ಮದುವೆಯ ಮಾತುಕತೆಗಳಲ್ಲಿ ಹಿರಿಯನಾಗಿ ಕೂತು ಬೇರೆಯವರ ಕಪ್ಪು ನೋಡಿದವನು ನಾನು.

ಅವತ್ತು ಮಧ್ಯಾಹ್ನದ ಬಿಸಿಲು. ಸಂಕೇಶ್ವರ ತಲುಪುವಷ್ಟರಲ್ಲಿ ಗಲ್ಲ ಬಿಸಿಯಾಗಿತ್ತು. ಅವರ ಮನೆಯ ಪಡಸಾಲೆಯಲ್ಲಿ ಮೆಣಸಿನಕಾಯಿಯ ಘಾಟು. ಬಂದ ಕೂಡಲೇ ಸೀನಿದೆ. ಹೊಗೆಯಾಡುವ ಚಹಾ ಬಂತು. ಇದನ್ನೀಗ ಕುಡಿದರೆ ಮುಖ ಕೆಂಡವಾಗುತ್ತದೆ, ಬೀಗರು ಕುಡುಕ ಅಂದುಕೊಳ್ಳುತ್ತಾರೆ, ಸ್ವಲ್ಪ ಆರಲಿ ಅಂತ ಕಪ್ಪು ಕೆಳಗಿಟ್ಟೆ. ಕೂತಲ್ಲೇ ಕಪಾಟಿನ ಗಾಜಿನಲ್ಲಿ ಮೂಗಿನ ಬಣ್ಣ ನೋಡಿಕೊಳ್ಳುತ್ತಿದ್ದೆ. ಮಾತು ಕಡಿಮೆಯಾಗುತ್ತ ಬಂತು. ಗಿರಿಜಾ ಕಾಲಿನಿಂದ ತಿವಿದಳು. ಮುಖ ಕೆಂಪಾಗುತ್ತಿದೆ ಅಂತ ಸೂಚನೆ ಕೊಡುತ್ತಿದ್ದಾಳೆ ಅಂದುಕೊಂಡು ನಾನು ಕಪ್ಪನ್ನು ಇನ್ನಷ್ಟು ದೂರ ಸರಿಸಿದೆ. ಚಹಾದ ಮೇಲೆ ಕೆನೆ ಕಟ್ಟಿತು. ಅಪ್ಪಾಸಾಹೇಬರು ಕೆನೆ ನೋಡಿದರು, ನನ್ನನ್ನು ನೋಡಿದರು, ಬಹಳ ಮೃದುವಾಗಿ, ಬಸ್ಸಿಗೆ ಹೊತ್ತಾಗುತ್ತದೇನೋ ಅಂದರು. ನಾನು ಹೌದು ಅಂತ ಎದ್ದೆ.

ಬಸ್ಸಿನಲ್ಲಿ ಗಿರಿಜಾ ಹುಕ್ಕೇರಿ ದಾಟುವ ತನಕ ಮಾತಾಡಲಿಲ್ಲ. ದಾಟಿದ ಮೇಲೆ ಗೋಕಾಕದ ತನಕ ನಿಲ್ಲಿಸಲಿಲ್ಲ. ಮಗಳ ಬಾಳು ದೊಡ್ಡದೋ ನಿಮ್ಮ ಮೂಗು ದೊಡ್ಡದೋ ಅಂತ ಕೇಳಿದಳು. ಮುಟ್ಟದೆ ಬಿಟ್ಟ ಕಪ್ಪಿನ ಅರ್ಥ ನನಗೆ ಹೊಳೆದದ್ದು ಆಗ. ಮನೆಗೆ ಬಂದು ಫೋನ್ ಮಾಡಿದರೆ ಅಪ್ಪಾಸಾಹೇಬರು, ಇರಲಿ ಬಿಡ್ರಿ ಸರ್, ಋಣಾನುಬಂಧ ಇರಬೇಕ್ರಿ ಅಂದು ಇಟ್ಟರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಏನೋ ಸಂಕೋಚವಿತ್ತು. ಅದು ನನಗೆ ಅರ್ಥವಾಗಲಿಲ್ಲ. ದಾನೂ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗಿ ಬಂದಳು. ಅವಳು ಅತ್ತಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಆ ದಿನಗಳಲ್ಲಿ ನನ್ನ ತಲೆ ಹೇಗೆ ಓಡಿತು ನೋಡಿ. ನೆಟ್ಟಗೆ ಸಂಕೇಶ್ವರಕ್ಕೆ ಹೋಗಿ, ತಪ್ಪು ತಿಳಿಯಬೇಡಿ, ನನಗೆ ಹೀಗೊಂದು ರೋಗವಿದೆ ಅನ್ನಬಹುದಿತ್ತು. ಆದರೆ ಹೆಣ್ಣು ಕೊಡುವ ಮನೆಯವನು ರೋಗದ ಮಾತು ಎತ್ತಬಹುದೇ? ಅದಕ್ಕೆ ಒಂದು ಭಾರೀ ಯೋಜನೆ ಹಾಕಿದೆ. ಮೊದಲು ಬೆಳಕಿನ ಚಿಕಿತ್ಸೆ ಮಾಡಿಸಿಕೊಳ್ಳುವುದು. ಕಿವಿಯ ಹತ್ತಿರದ ಪರೀಕ್ಷೆ ಗಿರೀಕ್ಷೆ ಬೇಡ, ಸೀದಾ ಮುಖಕ್ಕೇ. ಮುಖ ತಿಳಿಯಾದ ಮೇಲೆ ಸಂಕೇಶ್ವರಕ್ಕೆ ಹೋಗಿ, ಎಲ್ಲರ ಎದುರು ಬಿಸಿ ಚಹಾ ಕುಡಿದು ತೋರಿಸುವುದು. ಕಪ್ಪು ಕಲೆಯ ಭಯ ಸಹ ಮಾಯವಾಗಿತ್ತು. ಡಾಕ್ಟರಮ್ಮ ಒಪ್ಪುತ್ತಾರೋ ಇಲ್ಲವೋ ಅನ್ನುವುದನ್ನು ಯೋಚಿಸಲೇ ಇಲ್ಲ. ಫೋನಿನಲ್ಲಿ ಹೊತ್ತು ಗೊತ್ತು ಮಾಡಿಕೊಂಡು, ನಾಳೆ ಬೆಳಗಾವಿಗೆ ಹೋಗುತ್ತೇನೆ ಅಂತ ಮನೆಯಲ್ಲಿ ಹೇಳಿದೆ.

ದಾನೂ ಆಗ ತಾನೇ ಸಂಘದಿಂದ ಬಂದು ಮುಖ ತೊಳೆದಿದ್ದಳು. ಟವೆಲ್ ಹೆಗಲ ಮೇಲೆ ಹಾಕಿಕೊಂಡೇ ನನ್ನೆದುರು ಬಂದು ಕೂತಳು.

"ಅಪ್ಪಾ, ನನ್ನ ಗಲ್ಲ ನೋಡು," ಅಂದಳು.

ನೋಡಿದೆ. ಎರಡೂ ಗಲ್ಲದ ಮೇಲೆ ಕೆಂಪು ಹರಡಿತ್ತು. ಮೂಗಿನ ಬದಿಗೆ, ಬಹಳ ತೆಳ್ಳಗೆ, ಒಂದು ನೂಲಿನೆಳೆ.

"ಚಹಾ ಕುಡದ್ರ ಉರಿತಾವು. ಹೋದ ವರ್ಷದಿಂದ ಹಿಂಗ ಐತಿ. ನೀ ನಿನ್ನ ಮುಖಾ ಮುಚ್ಚಿಟ್ಟು ನನ್ನ ಲಗ್ನಾ ಮಾಡಿದ್ರ, ಆ ಮನ್ಯಾಗ ನಾನು ಜನ್ಮಪೂರ್ತಿ ನನ್ನ ಮುಖಾ ಮುಚ್ಚಿಡಬೇಕಾಗತೈತಿ. ನನಗ ಅದು ಆಗೂದಿಲ್ಲ."

ಇದು ಮನೆತನದಲ್ಲಿ ಇಳಿದು ಬರಬಹುದು ಅಂತ ಡಾಕ್ಟರಮ್ಮ ಹೇಳಿದ್ದರು. ಕೇಳಿ ಮರೆತಿದ್ದೆ. ಮದುವೆಯ ಕಳೆ ಏರಿದೆ ಅಂತ ನಾನೂ ಗಿರಿಜಾಳೂ ಆ ಗಲ್ಲ ನೋಡಿ ಸಂತೋಷಪಟ್ಟದ್ದುಂಟು. ಊರಿನ ಕನ್ನಡಿಗಳನ್ನೆಲ್ಲ ಬಗ್ಗಿ ಬಗ್ಗಿ ನೋಡಿದವನಿಗೆ ಎದುರಿಗೇ ಊಟಕ್ಕೆ ಕೂರುವ ಮಗಳ ಮುಖ ಕಾಣಿಸಿರಲಿಲ್ಲ. ಬಹಳ ದುಃಖವಾಯಿತು. ಅವಳು ಎದ್ದು ಹೋಗಿ ನನಗೆ ನೀರು ತಂದು ಕೊಟ್ಟಳು.

ಮರುದಿನ ಬೆಳಗಾವಿಯ ಬಸ್ಸು ಬಿಟ್ಟು ಸಂಕೇಶ್ವರದ ಬಸ್ಸು ಹತ್ತಿದೆವು, ನಾನು ಮತ್ತು ಗಿರಿಜಾ. ಹೇಳದೆ ಕೇಳದೆ ಬಂದ ನಮ್ಮನ್ನು ನೋಡಿ ಅಪ್ಪಾಸಾಹೇಬರು ಗಾಬರಿಯಾದರು. ಅವರ ತಾಯಿ, ಮನೆಮಂದಿಯೆಲ್ಲ ಆಯಿ ಅನ್ನುತ್ತಾರೆ, ಜೋಳ ಹಸನು ಮಾಡುವುದನ್ನು ಬಿಟ್ಟು ಮೊರ ಬದಿಗಿಟ್ಟರು. ಕೂರುವ ಮೊದಲೇ ನಾನು ಚಹಾ ಕೇಳಿದೆ. ಬೀಗರ ಮನೆಯಲ್ಲಿ ಬಾಯಿಬಿಟ್ಟು ಚಹಾ ಕೇಳಿದ ಗಂಡಾಳು ನಮ್ಮ ಕುಲದಲ್ಲಿ ನಾನೇ ಮೊದಲಿಗ ಇರಬೇಕು. ಬಿಸಿಯಾಗಿಯೇ ಬೇಕು ಅಂದೆ. ಬರುವುದರೊಳಗೆ ಎಲ್ಲ ಹೇಳಿದೆ. ರೋಗದ ಹೆಸರು, ಅದು ಕುಡಿತದಿಂದ ಬಂದದ್ದಲ್ಲ ಅನ್ನುವುದು, ಅಂಟುವುದಿಲ್ಲ ಅನ್ನುವುದು, ಹೋಗುವುದಿಲ್ಲ ಅನ್ನುವುದೂ. ಮಗಳ ಗಲ್ಲದ ವಿಷಯವನ್ನೂ ಹೇಳಿದೆ.

ಚಹಾ ಬಂತು, ಕುಡಿದೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತ ಕೂತರು. ಹಂಚಿನ ಮೇಲಿನ ರೊಟ್ಟಿ ಉಬ್ಬುವುದನ್ನು ಕಾಯುವ ಹಾಗೆ ಆಯಿ ಕಣ್ಣು ಕಿರಿದು ಮಾಡಿ ನೋಡಿದರು. ಗಲ್ಲ ಬಿಸಿಯಾದದ್ದು, ಕೆಂಪು ಕಿವಿಯ ತನಕ ಏರಿದ್ದು ನನಗೆ ಗೊತ್ತಾಗುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ, ಬೇಗ ಏರಲಿ ಅಂತ ಹಾರೈಸಿದೆ.

"ಖರೇನ ಐತಿ," ಅಂದರು ಆಯಿ. ಆಮೇಲೆ ಮಗನ ಕಡೆ ತಿರುಗಿ, "ಅಪ್ಪಾಸಾಹೇಬ, ಅವರು ಹೇಳಿದ್ರು. ಇನ್ನ ನಾವು ಸುಮ್ಮ ಕುಂದ್ರೂದು ಪಾಡಲ್ಲ. ಹುಡುಗನ್ನ ಕರಿ."

ಪ್ರಶಾಂತ ಅಂಗಡಿಯಿಂದ ಬಂದ. ಕುತ್ತಿಗೆಯ ಗುಂಡಿ ಬಿಚ್ಚಿ ಅಂಗಿ ಸರಿಸಿದ. ಹೆಗಲಿನ ಹತ್ತಿರ ಅಂಗೈಯಗಲ ಬಿಳಿ ಮಚ್ಚೆ, ಅದರಾಚೆ ಇನ್ನೆರಡು ಸಣ್ಣವು. ಊರಿನವರು ತೊನ್ನು ಅನ್ನುವುದು ಅದಕ್ಕೇ. ಕೊಲ್ಹಾಪುರದಲ್ಲಿ ಚಿಕಿತ್ಸೆ ನಡೆದಿದೆ, ಕತ್ತಿನ ಹತ್ತಿರದ್ದು ಸ್ವಲ್ಪ ಬಣ್ಣಕ್ಕೆ ಬಂದಿದೆ ಅಂತ ಅವನೇ ಹೇಳಿದ. ಅವತ್ತು ನಾನು ಚಹಾ ಬಿಟ್ಟು ಎದ್ದದ್ದು ಈ ಸುದ್ದಿ ಎಲ್ಲಿಂದಲೋ ತಿಳಿದಿದ್ದಕ್ಕೆ ಅಂತ ಅವರು ಅಂದುಕೊಂಡಿದ್ದರಂತೆ. ಅಪ್ಪಾಸಾಹೇಬರು ತಲೆ ಎತ್ತಲಿಲ್ಲ. ಫೋನಿನಲ್ಲಿ ಕೇಳಿದ ಸಂಕೋಚ ಇದಾಗಿತ್ತು.

ಈಗ ಖರೆ ಹೇಳುತ್ತೇನೆ, ಬೈದುಕೊಳ್ಳಿ. ಆ ಬಿಳಿ ಮಚ್ಚೆ ನೋಡಿ ನನ್ನ ಎದೆ ಜಗ್ಗಿತು. ಅಂಟುವುದಿಲ್ಲ ಅಂತ ಗೊತ್ತಿದ್ದೂ ಜಗ್ಗಿತು. ಜನ ಮುಖ ನೋಡಿ ಅಳೆಯುತ್ತಾರೆ ಅಂತ ಊರ ತುಂಬ ದೂರುವ ನಾನು ಅಂಗಿಯೊಳಗಿನ ಚರ್ಮ ನೋಡಿ ಹಿಂಜರಿದಿದ್ದೆ. ಆ ಹುಡುಗ ಗುಂಡಿ ಹಾಕಿಕೊಳ್ಳದೆ ನಿಂತೇ ಇದ್ದ. ನನ್ನ ಮುಖದ ಮೇಲೆ ಏನು ಕಂಡಿತೋ ಗೊತ್ತಿಲ್ಲ. ದೇವರ ದಯೆ, ಅಷ್ಟು ಹೊತ್ತಿಗೆ ಅದು ಪೂರ್ತಿ ಕೆಂಪಾಗಿದ್ದರಿಂದ ಬೇರೆ ಏನೂ ಕಂಡಿರಲಾರದು. ಕಪ್ಪು ಮುಂದೆ ಚಾಚಿ, ಇನ್ನೊಂದು ಸಿಗುತ್ತದೆಯೇ ಅಂತ ಕೇಳಿದೆ. ಆಯಿ ತಾವೇ ಎದ್ದು ಒಳಗೆ ಹೋದರು.

ಚಹಾ ಬರುವ ತನಕ ನಾನೂ ಪ್ರಶಾಂತನೂ ಚಿಕಿತ್ಸೆಯ ಮಾತಾಡಿದೆವು. ಅವನಿಗೂ ಬೆಳಕೇ ಅಂತೆ. ಬೆಳಕಿನ ಜಾತಿ ಬೇರೆ, ಕೆಲಸವೂ ಬೇರೆ. ಕೊಲ್ಹಾಪುರದ ಬೆಳಕು ಅವನಿಗೆ ಬಣ್ಣ ತರಬೇಕು, ಬೆಳಗಾವಿಯ ಬೆಳಕು ನನ್ನ ಬಣ್ಣ ಒಯ್ಯಬೇಕು. ಎಷ್ಟು ಸಲ ಹೋಗಬೇಕು, ಉರಿಯುತ್ತದೆಯೇ, ಬಿಸಿಲಿಗೆ ಏನು ಹಚ್ಚುತ್ತೀ, ಇದೆಲ್ಲ ಒಂದಿಷ್ಟು ಕೇಳಿದೆ. ಕಾಯುವುದೇ ಕಷ್ಟ ಮಾವಾ, ಉಳಿದದ್ದೇನಿಲ್ಲ ಅಂದ. ಮಾವಾ ಅಂದದ್ದನ್ನು ಗಿರಿಜಾ ನನಗಿಂತ ಮೊದಲು ಕೇಳಿಸಿಕೊಂಡು ಕಣ್ಣೊರೆಸಿಕೊಂಡಳು.

ಮನೆಗೆ ಬಂದು ದಾನೂಗೆ ಹೇಗೆ ಹೇಳುವುದು ಅಂತ ಇಬ್ಬರೂ ತಡವರಿಸಿದೆವು. ಹೇಳಿ ಮುಗಿಸುವ ಮೊದಲೇ ಅವಳು ನಕ್ಕಳು. "ಅಂವ ವಾಸ್ತುಶಾಂತಿ ದಿನಾನ ತೋರಿಸ್ಯಾನ, ಅಪ್ಪಾ. ನಾನೂ ಪೌಡರ್ ಒರಸಿ ತೋರಿಸೇನಿ. ಹಿರ್ಯಾರು ನೀವ ಹೇಳ್ಕೊಳ್ಳಿ ಅಂತ ಕುಂತಿದ್ವಿ." ಎರಡೂ ಮನೆಯ ಹಿರಿಯರು ಒಂದು ಕಪ್ಪು ಚಹಾದ ಎರಡು ಬದಿಗೆ ಕೂತು ಮುಚ್ಚಿಟ್ಟ ಗುಟ್ಟು ಇಷ್ಟೇ ಆಗಿತ್ತು.

ಸಕ್ಕರೆ ಹಂಚಿ ನಿಶ್ಚಯ ಮುಗಿಯಿತು. ಬೆಳಕಿನ ಚಿಕಿತ್ಸೆಯನ್ನು ನಾನು ಬಿಟ್ಟಿಲ್ಲ. ಕಿವಿಯ ಹತ್ತಿರ ಪರೀಕ್ಷೆ ಮಾಡಿಸಿಕೊಂಡೆ. ಕಲೆ ಬೀಳಲಿಲ್ಲ, ಒಂದೆರಡು ಎಳೆ ಮಸುಕಾಗಿವೆ. ಮುಂದೆ ಮಾಡಿಸುವೆನೋ ಇಲ್ಲವೋ ಇನ್ನೂ ತಿರುಗಾಡುತ್ತಲೇ ಯೋಚಿಸುತ್ತಿದ್ದೇನೆ, ನನ್ನ ಸ್ವಭಾವ ಹೋಗುತ್ತದೆಯೇ? ಗಲ್ಲದ ಉರಿ ಕಡಿಮೆಯಾಗುವುದಿದ್ದರೆ ಮಾಡಿಸುತ್ತೇನೆ. ಸ್ಟಾಫ್‌ರೂಮಿನವರ ಸಲುವಾಗಿ ಅಷ್ಟು ದೂರ ಬಸ್ಸಿನಲ್ಲಿ ಹೋಗಲಾರೆ.

ಮೊನ್ನೆ ದಾನೂಳನ್ನು ಡಾಕ್ಟರಮ್ಮನಿಗೆ ತೋರಿಸಲು ಬೆಳಗಾವಿಗೆ ಹೊರಟಿದ್ದೆವು. ಬಸ್‌ಸ್ಟ್ಯಾಂಡಿನ ಹೊರಗೆ ಅದೇ ಗಾಡಿಗಳ ಸಾಲು. ಚಟ ನೋಡಿ, ಕೆಂಪು ಬಣ್ಣದ ಒಂದು ಗಾಡಿಯ ಕನ್ನಡಿಗೆ ಬಗ್ಗಿದೆ. ಆ ಕನ್ನಡಿಗಳನ್ನು ಇಟ್ಟಿರುವುದೇ ಹಿಂದೆ ಬರುವವರನ್ನು ನೋಡಲಿಕ್ಕೆ. ನನ್ನ ಕಿವಿಯ ಬಾಜೂ ದಾನೂ ಕಂಡಳು. ಸ್ವಲ್ಪ ಹಿಂದೆ ನಿಂತು, ಬಿಸಿಲಿಗೆ ಹೊದ್ದ ದುಪಟ್ಟಾ ಸರಿಸಿ, ಇನ್ನೊಂದು ಗಾಡಿಯ ಕನ್ನಡಿಗೆ ಬಗ್ಗಿ ಎಡಗಲ್ಲ ನೋಡಿಕೊಳ್ಳುತ್ತಿದ್ದಳು.

ಇಷ್ಟು ವರ್ಷ ಆ ಸಾಲಿನಲ್ಲಿ ಬಗ್ಗುವಾಗೆಲ್ಲ, ನನಗೆ ಯಾರಾದರೂ ಒಂದು ಮಾತು ಹೇಳಬಾರದೇ ಅನ್ನಿಸುತ್ತಿತ್ತು. ಯಾರೂ ಹೇಳಿರಲಿಲ್ಲ. ತಿರುಗಿ ಅವಳಿಗೆ ಅಂದೆ:

"ಚಲೋ ಕಾಣಾಕತ್ತಿ. ನಡಿ, ಬಸ್ ಬಂತು."